ಬಾಯಿ ಕಟ್ಟಿಕೊಂಡು ಮನೆ ಹುಡುಕಿದ್ದು

ನಾನು ಹೆದರಿದ್ದು ಬದುಕಿನಲ್ಲಿ ಒಂದೇ ಸಲ. ವೆಸೂವಿಯಸ್ ಬೆಟ್ಟ ಬೆಂಕಿ ಕಾರಿದ ವರ್ಷ ಊರಿಗೆ ಊರೇ ಓಡುತ್ತಿದ್ದಾಗ, ಅದರ ಬುಡದಲ್ಲಿ ಕುಳಿತು ಬದನೆಕಾಯಿ ಸುಟ್ಟುಕೊಂಡು ತಿಂದವನು ನಾನು. ಅಂಥ ಈ ಸಬಾತೊನ ಮೊಣಕಾಲು ಗಡಗಡ ನಡುಗಿದ್ದು ಸಾವಿರದ ಒಂಬೈನೂರ ಅರವತ್ತೆರಡರ ನವೆಂಬರಿನಲ್ಲಿ, ಉತ್ತರ ಇಟಲಿಯ ಟುರಿನ್ ನಗರದ ಒಂದು ಬಾಡಿಗೆ ಮನೆಯೊಳಗೆ.

ದಕ್ಷಿಣದ ನಮ್ಮ ನೇಪಲ್ಸ್ ಬಿಟ್ಟು ಅಲ್ಲಿಯ ಕಾರು ಕಾರ್ಖಾನೆಗೆ ಸೇರಿ ನಾಲ್ಕು ತಿಂಗಳಾಗಿತ್ತು. ಸೂರಿನ ಕೆಳಗಿನ ಒಂದು ಗೂಡಿನಲ್ಲಿ ಹದಿನಾಲ್ಕು ಮಂದಿ ಇದ್ದೆವು, ಮಂಚ ಏಳೇ. ಹಗಲು ಪಾಳಿಯವನು ಎದ್ದ ಹಾಸಿಗೆಗೆ ರಾತ್ರಿ ಪಾಳಿಯವನು ಬೀಳುತ್ತಿದ್ದ. ಆ ಹಾಸಿಗೆಗಳು ತಣ್ಣಗಾದದ್ದನ್ನು ಕಂಡವರಿಲ್ಲ. ಮೊಟ್ಟೆ ಇಟ್ಟಿದ್ದರೆ ಮರಿಯಾಗಿ ಕೊಕ್ಕೋ ಎನ್ನುತ್ತಿತ್ತು. ಊರಿನಲ್ಲಿದ್ದ ಹೆಂಡತಿ ಅಸುಂತಾಳಿಗೆ ಇದನ್ನು ಬರೆಯಲಾದೀತೇ? ‘ಮನೆ ಸಿಕ್ಕಿದೆ, ನದಿಯ ಕಡೆಗೆ ಮೂರು ಕಿಟಕಿ, ಅಡುಗೆಮನೆಯಿಂದ ಮಲಗುವ ಕೋಣೆಗೆ ಹೋಗಲು ಸೈಕಲ್ ಬೇಕು’ ಎಂದು ಬರೆದೆ. ಹೆಂಗಸು ನಂಬಿಬಿಟ್ಟಳು. ಗುರುವಾರ ತಂತಿ ಬಂತು: ‘ಮಂಚ ಮಾರಿದೆ. ಕೋಣೆ ಬಿಟ್ಟೆ. ಮಗುವಿನ ಜೊತೆ ಭಾನುವಾರ ಬೆಳಿಗ್ಗೆ ಬಂದಿಳಿಯುತ್ತೇನೆ. ಸೈಕಲ್ಲಿಗೆ ಎಣ್ಣೆ ಹಾಕಿಡು.’

ಮಗಳಿಗೆ ಆಗ ಆರು ವಾರ. ಅವಳ ಮುಖವನ್ನು ನಾನಿನ್ನೂ ನೋಡಿರಲಿಲ್ಲ.

ಹೋದ ತಿಂಗಳಷ್ಟೇ ನಮ್ಮ ಪಾಳಿಯ ಒಬ್ಬನ ಸಂಸಾರ ಹೀಗೆಯೇ ಬಂದಿಳಿದು, ಮನೆ ಸಿಗದೆ, ನಿಲ್ದಾಣದ ಬೆಂಚಿನ ಮೇಲೆ ಒಂಬತ್ತು ದಿನ ಮಲಗಿತ್ತು. ಹತ್ತನೆಯ ದಿನ ಸಣ್ಣದೊಂದು ಬಿಳಿ ಶವಪೆಟ್ಟಿಗೆಯ ಹಿಂದೆ ನಾವು ಹದಿನಾಲ್ಕೂ ಮಂದಿ ನಡೆದೆವು. ನನ್ನ ಮಾತಿನಲ್ಲಿ ಹತ್ತಕ್ಕೆ ಒಂಬತ್ತು ಸುಳ್ಳೆಂದು ಅಸುಂತಾ ಹೇಳುತ್ತಾಳೆ. ಇದು ಆ ಉಳಿದ ಒಂದು.

ತಂತಿ ಹಿಡಿದುಕೊಂಡು ಎರಡು ದಿನದಲ್ಲಿ ನಾನು ಹತ್ತಿದ ಮೆಟ್ಟಿಲುಗಳನ್ನು ಒಂದರ ಮೇಲೊಂದು ಜೋಡಿಸಿದ್ದರೆ ಸ್ವರ್ಗದ ಬಾಗಿಲು ತಟ್ಟಿ, ಅಲ್ಲಿ ಬಾಡಿಗೆಗೆ ಕೋಣೆ ಇದೆಯೇ ಎಂದು ವಿಚಾರಿಸಬಹುದಿತ್ತು. ಅರ್ಧ ಬಾಗಿಲುಗಳ ಮೇಲೆ ‘ದಕ್ಷಿಣದವರಿಗೆ ಕೊಡುವುದಿಲ್ಲ’ ಎಂಬ ಚೀಟಿ. ಚೀಟಿ ಇಲ್ಲದ ಕಡೆ ಬಾಯಲ್ಲೇ ಉತ್ತರ. ಒಬ್ಬಳು ಬಾಗಿಲು ಕಾಯುವವಳು ನನ್ನ ನಮಸ್ಕಾರ ಕೇಳಿದ್ದೇ, “ಮನೆ ಹೋಯ್ತು” ಎಂದಳು.

“ಯಾವಾಗ ಹೋಯ್ತಮ್ಮಾ?”

“ನೀನು ಬಾಯಿ ತೆಗೆದ್ಯಲ್ಲ, ಆವಾಗ.”

ಶನಿವಾರ ಮಧ್ಯಾಹ್ನ ಪಾಳಿ ಮುಗಿದಾಗ ಬತಿಸ್ತಿನ್ ನನ್ನ ತೋಳು ಹಿಡಿದ. ನನ್ನ ಪಕ್ಕದ ಯಂತ್ರದವನು, ಅಪ್ಪಟ ಟುರಿನ್ನಿನವನು, ವಾರಕ್ಕೆ ಆರು ಮಾತು ಆಡುವವನು. ಅವತ್ತು ಇಡೀ ವರ್ಷದ್ದನ್ನು ಖರ್ಚು ಮಾಡಿದ.

“ನೋಡು ನೇಪಲ್ಸು, ನಮ್ಮತ್ತೆ ಬೀದೀಲಿ ಒಂದು ಮನೆ ಇದೆ. ಒತ್ತಾವಿಯಾ ಅಂತ ಒಬ್ಬ ಮುದುಕಿ, ವಿಧವೆ. ಎರಡು ಕೋಣೆ ಕೊಡ್ತಾಳೆ. ನೀನು ಇಲ್ಲೇ ನಮ್ಮ ಉತ್ತರದ ನೊವಾರಾದೋನು, ನನ್ನ ಚಿಕ್ಕಪ್ಪನ ಮಗ ಅಂತೀನಿ. ಆದ್ರೆ ನೀನು ಬಾಯಿ ಬಿಟ್ರೆ ಮುಗೀತು.”

“ಬಿಡಲ್ಲ.”

“ನೀನಾ? ಮಾರಾಯ, ನೀನು ನಿದ್ದೇಲೂ ಭಾಷಣ ಮಾಡೋನು. ಬಾಯಿ ಕಟ್ಟೇ ಬಿಡೋಣ. ಹಲ್ಲುನೋವು ಅಂತ.” ತನ್ನ ಕುತ್ತಿಗೆಯ ವಸ್ತ್ರ ಬಿಚ್ಚಿ ನನ್ನ ದವಡೆಯಿಂದ ನೆತ್ತಿಗೆ ಸುತ್ತಿ ಗಂಟು ಹಾಕಿದ. “ಕೈ ಜೇಬಿಂದ ಆಚೆ ತೆಗೀಬೇಡ. ನಿಮ್ಮ ಜನ ಕೈಯಲ್ಲೇ ಪುರಾಣ ಹೇಳ್ತೀರಿ. ಕೇಳಿದ್ದಕ್ಕೆ ತಲೆ ಆಡಿಸು, ಸಾಕು.”

ಒತ್ತಾವಿಯಾ ಮದಾಮಾ ನಾಲ್ಕನೆಯ ಮಹಡಿಯಲ್ಲಿದ್ದಳು. ಒಣಗಿದ ಮೀನಿನಂಥ ಮೈ, ಪೊಲೀಸರಂಥ ಕಣ್ಣು. ಕೋಣೆಗಳು ಎರಡು, ಒಲೆ ಒಂದು, ಕಿಟಕಿಯ ಹೊರಗೆ ಮಂಜು. ಒಲೆಯ ಪಕ್ಕದ ಮೂಲೆಯಲ್ಲಿ ತೊಟ್ಟಿಲಿಗೆ ಅಳತೆ ಮಾಡಿಸಿದಷ್ಟು ಜಾಗ ಕಂಡೆ. ಕಂಡದ್ದೇ ಹೆದರಿಕೆ ಇಮ್ಮಡಿಯಾಯಿತು. ಅಲ್ಲಿಯವರೆಗೆ ಕಳೆದುಕೊಳ್ಳಲು ನನ್ನ ಹತ್ತಿರ ಏನಿತ್ತು?

“ಇವರು ಮಾತಾಡಲ್ವಾ?” ಮದಾಮಾ ಬತಿಸ್ತಿನ್ನನನ್ನು ಕೇಳಿದಳು.

“ಹಲ್ಲುನೋವು ಮದಾಮಾ. ಮೂರು ದಿನದಿಂದ ಒದ್ದಾಡ್ತಿದ್ದಾನೆ.”

“ಕುಡೀತೀರಾ, ಮೊನ್ಸು?” ಎಂದು ಆ ಊರಿನ ‘ಸ್ವಾಮಿ’ ಹಚ್ಚಿ ನನ್ನತ್ತ ತಿರುಗಿದಳು. ನಾನು ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದೆ, ದಾರಿಯುದ್ದಕ್ಕೂ ಬತಿಸ್ತಿನ್ ಕಲಿಸಿದ ಹಾಗೆ. “ಮನೆಗೆ ಜನ ಬರ್ತಾರಾ?” ಮತ್ತೆ ಎಡಕ್ಕೆ, ಬಲಕ್ಕೆ. “ಕೆಲಸ ಕಾಯಂ ತಾನೇ?” ಮೇಲೆ, ಕೆಳಗೆ. ಬೆನ್ನ ಮೇಲೆ ಬೆವರು ಎಷ್ಟು ಹರಿಯಿತೆಂದರೆ ಪೋ ನದಿಗೆ ಪ್ರವಾಹ ಬಂದಿರಬೇಕು. ಬತಿಸ್ತಿನ್ ನನಗೆ ಕಣ್ಣು ಹೊಡೆದ. ಕೆಲಸ ಆಯಿತು ಎಂದುಕೊಂಡೆ.

ಆಗ ಮುದುಕಿ ಹತ್ತಿರ ಬಂದು ನನ್ನ ದವಡೆಯನ್ನು ಎರಡು ಬೆರಳಿನಿಂದ ಒತ್ತಿದಳು.

“ಬಾತೇ ಇಲ್ವಲ್ಲ. ಒಳಗೆ ಕೀವು ಇರ್ಬೇಕು. ಬನ್ನಿ ಈ ಕಡೆ.”

“ಬೇಡ ಮದಾಮಾ, ತಾನೇ ಹೋಗುತ್ತೆ,” ಬತಿಸ್ತಿನ್ ತೊದಲಿದ.

“ತಾನೇ ಹೋಗೋದು ಪ್ರಾಣ ಒಂದೇ. ನನ್ನ ಗಂಡ ಮೂವತ್ತೆರಡು ವರ್ಷ ಈ ಮನೇಲಿ ಹಲ್ಲು ಕಿತ್ತ್ರು. ತಲೆ ಹಿಡ್ಕೊಳ್ತಾ ಇದ್ದೋಳು ನಾನು. ಅವರ ಕಣ್ಣು ಮಂಜಾದ್ಮೇಲೆ ಕೀಳ್ತಾ ಇದ್ದೋಳೂ ನಾನೇ. ನೀವು ಹೋಗಿ ನೀರು ಕಾಯಿಸಿ.”

ಬತಿಸ್ತಿನ್ ನನ್ನನ್ನು ನೋಡಿದ. ಅವನಿಗೆ ಇದು ಗೊತ್ತಿರಲಿಲ್ಲ ಎಂದು ಅವನ ಸುಣ್ಣದಂಥ ಮುಖವೇ ಹೇಳಿತು. ಆಮೇಲೆ ಅಡುಗೆಮನೆಗೆ ಹೋದವನು ಬಾಗಿಲನ್ನೂ ಎಳೆದುಕೊಂಡ, ಸ್ನೇಹಿತ.

ಹಿಂದಿನ ಕೋಣೆಯಲ್ಲಿ ಆ ಕುರ್ಚಿ ಇತ್ತು. ಕಬ್ಬಿಣದ್ದು, ತೋಳುಗಳ ಬಣ್ಣ ಹಿಡಿದ ಕೈಗಳಿಗೆ ಸವೆದುಹೋಗಿತ್ತು. ಗಾಜಿನ ಕಪಾಟಿನಲ್ಲಿ ಇಕ್ಕಳಗಳು ಸಾಲಾಗಿ ತೂಗಾಡುತ್ತಿದ್ದವು, ಕಟುಕರ ಅಂಗಡಿಯ ಕೊಕ್ಕೆಗಳ ಹಾಗೆ. ಮದಾಮಾ ವಸ್ತ್ರದ ಗಂಟು ಬಿಚ್ಚಿ ನನ್ನ ಬಾಯಿ ತೆರೆಸಿದಳು.

ಈ ಬಾಯಿಯ ಬಗ್ಗೆ ಎರಡು ಮಾತು ಹೇಳದೆ ಇರಲಾರೆ. ನಮ್ಮ ಕೇರಿಯ ಕ್ರಿಸ್‌ಮಸ್ಸಿಗೆ ಅಕ್ರೋಟು ಒಡೆಯಲು ಸುತ್ತಿಗೆ ಹುಡುಕುತ್ತಿರಲಿಲ್ಲ, ಸಬಾತೊನನ್ನು ಕರೆಯುತ್ತಿದ್ದರು. ಮೂವತ್ತೆರಡೂ ಹಲ್ಲು ಸೈನಿಕರ ಹಾಗೆ ನಿಂತಿದ್ದವು, ಒಂದಕ್ಕೂ ಹುಳುಕಿಲ್ಲ. ಈಗ ಅವುಗಳಲ್ಲಿ ಒಂದನ್ನು ನಾನು ಆರಿಸಿ ಕೊಡಬೇಕಿತ್ತು. ‘ಕೊಟ್ಟುಬಿಡು ಸಬಾತೊ,’ ಎಂದುಕೊಂಡೆ. ‘ಒಂದು ಹಲ್ಲಿಗೆ ಒಂದು ಮನೆ.’ ರೈಲು ಸಂಜೆ ನೇಪಲ್ಸ್ ಬಿಡುತ್ತದೆ. ಅಸುಂತಾ ಆಗಲೇ ಮಗುವನ್ನು ಶಾಲಿನಲ್ಲಿ ಸುತ್ತಿ ನಿಲ್ದಾಣದ ಕಡೆ ಹೊರಟಿರಬೇಕು.

ಮುದುಕಿ ಉಕ್ಕಿನ ಕಡ್ಡಿಯಿಂದ ಒಂದು ಹಲ್ಲು ತಟ್ಟಿದಳು. “ಇದಾ?” ಎಡಕ್ಕೆ, ಬಲಕ್ಕೆ. “ಇದಾ?” ಎಡಕ್ಕೆ, ಬಲಕ್ಕೆ. ಮೂರನೆಯದಕ್ಕೆ ಕಣ್ಣು ಮುಚ್ಚಿ ‘ಹೂಂ’ ಎಂದುಬಿಡಬೇಕೆಂದು ಗಟ್ಟಿಮಾಡಿಕೊಂಡೆ.

“ಹಾಗಾದ್ರೆ ಈ ದವಡೆ ಹಲ್ಲೇ ಇರ್ಬೇಕು. ಬೇರು ಆಳ ಇದೆ. ಕಿತ್ತುಬಿಡ್ಲಾ?”

ಇಕ್ಕಳದ ತಣ್ಣನೆಯ ತುದಿ ತುಟಿಗೆ ತಾಗಿತು. ಆ ಕ್ಷಣ ನನ್ನ ತಲೆ ಬತಿಸ್ತಿನ್ನನನ್ನೂ ಅಸುಂತಾಳನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಗಲ್ಲ ಮೇಲಕ್ಕೆ ಹಾರಿ, ತಲೆ ಹಿಂದಕ್ಕೆ ಬಿದ್ದು, ನಾಲಗೆ ಹಲ್ಲಿಗೆ ತಗುಲಿ ‘ಚ್’ ಎಂದಿತು. ಹುಟ್ಟಿದಾಗಿನಿಂದ ನಾವು ‘ಇಲ್ಲ’ ಎನ್ನುವುದೇ ಹಾಗೆ. ತಾಯಿಯ ಮೊಲೆ ಬೇಡವಾದಾಗಲೂ ಹಾಗೇ ಅಂದಿರುತ್ತೇವೆ.

ಮದಾಮಾಳ ಕೈ ಗಾಳಿಯಲ್ಲೇ ನಿಂತಿತು.

ಇಕ್ಕಳವನ್ನು ತಟ್ಟೆಯ ಮೇಲೆ ಇಟ್ಟಳು. ಆ ಸದ್ದು ನನಗೆ ಜೈಲಿನ ಬಾಗಿಲು ಹಾಕಿದ ಹಾಗೆ ಕೇಳಿತು.

“ನೊವಾರಾದಲ್ಲಿ ಯಾರೂ ಹಾಗೆ ಇಲ್ಲ ಅನ್ನಲ್ಲ,” ಎಂದಳು. “ಯಾವೂರು ನಿಮ್ದು?”

ನನಗೆ ಮಾತು ಹೊರಡಲಿಲ್ಲ. ನಾನು, ಸಬಾತೊ, ಮೀನಿನ ಸಂತೆಯಲ್ಲಿ ಹನ್ನೆರಡು ಹೆಂಗಸರ ಬಾಯಿ ಒಟ್ಟಿಗೆ ಮುಚ್ಚಿಸಿದವನು.

ಮುದುಕಿ ಸ್ಟೂಲಿನ ಮೇಲೆ ಕುಳಿತು ತನ್ನ ಕೈಗಳನ್ನೇ ನೋಡಿಕೊಂಡಳು. “ಯುದ್ಧಕ್ಕೆ ಮುಂಚೆ ಒಬ್ಬ ಸಿಪಾಯಿ ಬಂದಿದ್ದ, ನಿಮ್ಮ ಕಡೆಯೋನು. ನಮ್ಮ ಮಾತು ಅವನಿಗೆ ಬರ್ತಿರ್ಲಿಲ್ಲ. ಇದು ಕೀಳ್ಲಾ ಅಂದ್ರೆ ತಲೆ ಹೀಗೆ ಹಿಂದಕ್ಕೆ ಹಾಕ್ತಿದ್ದ. ಬಾಯಿ ಒಡ್ತಿದ್ದಾನೆ, ಒಪ್ಕೊಂಡ ಅಂತ ನಾವು. ಮೂರು ಹಲ್ಲು ಕಿತ್ತ್ವಿ. ಮೂರೂ ಚೆನ್ನಾಗಿದ್ವು. ಅವನು ಅಳ್ತಾ ತಲೆ ಎತ್ತೆತ್ತಿ ಹಾಕ್ತಿದ್ದ, ನಾನು ಗಟ್ಟಿಯಾಗಿ ಹಿಡ್ಕೊಂಡಿದ್ದೆ.” ಕೈಗಳನ್ನು ಲಂಗಕ್ಕೆ ಒರೆಸಿಕೊಂಡಳು. “ಆಮೇಲೆ ಯಾರೋ ಹೇಳಿದ್ರು, ಅದು ಇಲ್ಲ ಅಂತ ಅರ್ಥ ಅಂತ.”

“ನೇಪಲ್ಸು,” ಎಂದೆ. ಜೇಬಿನಿಂದ ಕೈಗಳು ತಾವಾಗಿಯೇ ಹೊರಬಂದವು. “ನೇಪಲ್ಸಿನೋನು ಮದಾಮಾ. ಹಲ್ಲು ಒಂದೂ ನೋಯ್ತಿಲ್ಲ. ನಾಳೆ ಬೆಳಿಗ್ಗೆ ಹೆಂಡ್ತಿ ಬರ್ತಾಳೆ, ಕೂಸಿದೆ. ಮನೆ ಇದೆ ಅಂತ ಸುಳ್ಳು ಬರೆದುಬಿಟ್ಟೆ. ನಿಲ್ದಾಣದ ಬೆಂಚು ಬಿಟ್ಟು ನನ್ನ ಹತ್ರ ಏನೂ ಇಲ್ಲ. ಹಲ್ಲು ಬೇಕಾದ್ರೆ ಕಿತ್ಕೊಳ್ಳಿ, ಮೂರಾದ್ರೂ ಕಿತ್ಕೊಳ್ಳಿ.”

“ನಿಮ್ಮ ಹಲ್ಲು ತಗೊಂಡು ನಾನೇನ್ ಸರ ಮಾಡಿಸ್ಲಾ? ಕೂಸಿಗೆ ಎಷ್ಟು?”

“ಆರು ವಾರ.”

ಅವಳು ಎದ್ದು ಕಿಟಕಿಯ ಹತ್ತಿರ ಹೋದಳು. ನಾನು ಕುರ್ಚಿಯ ತೋಳು ಬಿಟ್ಟಿರಲಿಲ್ಲ. ಅಡುಗೆಮನೆಯಲ್ಲಿ ನೀರು ಕುದಿದು ಮುಚ್ಚಳ ಕುಣಿಯುತ್ತಿತ್ತು.

“ಎರಡನೇ ಮಹಡೀಲಿ ಒಬ್ಬ ನಿವೃತ್ತ ಕರ್ನಲ್ ಇದ್ದಾನೆ,” ಎಂದಳು, ಬೆನ್ನು ತಿರುಗಿಸಿಕೊಂಡೇ. “ಹೋದ ವರ್ಷ ಪಕ್ಕದ ಕಟ್ಟಡದಲ್ಲಿ ನಿಮ್ಮೋರು ಬಂದಾಗ ಮನೆಮನೆಗೆ ಹೋಗಿ ಸಹಿ ಹಾಕಿಸಿದ. ಹದಿನೈದು ದಿನದಲ್ಲಿ ಅವರ ಸಾಮಾನು ಬೀದೀಲಿತ್ತು. ಬಾಡಿಗೆ ಕೊಟ್ಟ ಮುದುಕಪ್ಪನಿಗೆ ಇವತ್ತಿಗೂ ಯಾರೂ ನಮಸ್ಕಾರ ಹೇಳಲ್ಲ. ಕರ್ನಲ್ ಕಿವಿ ಬಾಗಿಲಲ್ಲೇ ಇರುತ್ತೆ. ಮೆಟ್ಟಿಲ ಮೇಲೆ ನಿಮ್ಮದಾಗ್ಲಿ ನಿಮ್ಮ ಹೆಂಡ್ತೀದಾಗ್ಲಿ ಒಂದು ಮಾತು ಬಿತ್ತೋ, ಆಮೇಲೆ ನನ್ನ ಕೈಲಿ ಏನೂ ಆಗಲ್ಲ. ತಿಳೀತಾ?”

“ಕೂಸು ಅತ್ರೆ?”

“ಅಳ್ಲಿ. ಅಳೋದ್ರಲ್ಲಿ ಯಾವೂರು ಅಂತ ಅವನಿಗೇನು ಗೊತ್ತಾಗುತ್ತೆ.”

ಭಾನುವಾರ ಬೆಳಿಗ್ಗೆ ರೈಲು ಮೂರು ಗಂಟೆ ತಡವಾಗಿ ಬಂತು. ಇಳಿದ ಅಸುಂತಾಳ ಕೈಯಿಂದ ಮಗಳನ್ನು ತೆಗೆದುಕೊಂಡು ಮುಖ ನೋಡಿದೆ. ಅಂಥ ಚೆಲುವೆ ಇಟಲಿಯಲ್ಲಿ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ಅಲ್ಲೇ ಗಡಿಯಾರದ ಕೆಳಗೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯುವಳೆಂದು ತಲೆ ತಗ್ಗಿಸಿದ್ದೆ. ಅವಳು, “ಎಷ್ಟು ಮಹಡಿ?” ಎಂದಳು.

“ನಾಲ್ಕು.”

“ನಾಲ್ಕು ಮಹಡಿ ಬಾಯಿ ಮುಚ್ಕೊಂಡಿರ್ತೀನಿ. ಐದು ಅಂದಿದ್ರೆ ಆಗ್ತಿರ್ಲಿಲ್ಲ.”

ಬೀದಿಬಾಗಿಲು ದಾಟಿದೆವು. ಮುಂದೆ ಅವಳು ಮಗುವನ್ನೆತ್ತಿಕೊಂಡು, ಹಿಂದೆ ನಾನು ಹಗ್ಗ ಕಟ್ಟಿದ ಟ್ರಂಕು ಹೊತ್ತು. ಒಂದನೆಯ ಮಹಡಿ ದಾಟಿತು. ಎರಡನೆಯದರಲ್ಲಿ, ಸರಿಯಾಗಿ ಹಿತ್ತಾಳೆಯ ಹೆಸರು ಫಲಕದ ಮುಂದೆ, ನನ್ನ ಮಗಳು ಬಾಯಿ ತೆರೆದಳು. ಟುರಿನ್ನಿನ ನಲವತ್ತು ಚರ್ಚುಗಳ ಗಂಟೆ ಒಟ್ಟಿಗೆ ಬಾರಿಸಿದರೂ ಆ ಸದ್ದು ಬರಲಿಕ್ಕಿಲ್ಲ. ಬಾಗಿಲು ತೆರೆಯಿತು. ಕರ್ನಲ್ ಚಡ್ಡಿಬನಿಯನ್ನಿನಲ್ಲಿದ್ದರೂ ಸಮವಸ್ತ್ರದಲ್ಲಿದ್ದವನ ಹಾಗೆ ನಿಂತ. ಟ್ರಂಕನ್ನು ನೋಡಿದ, ಹಗ್ಗವನ್ನು ನೋಡಿದ, ಅಸುಂತಾಳ ಕಿವಿಯಲ್ಲಿದ್ದ ನಮ್ಮ ಕಡೆಯ ಬಳೆಯಂಥ ಓಲೆಗಳನ್ನು ನೋಡಿದ.

“ಯಾರು ನೀವು?”

ಅಸುಂತಾಳ ತುಟಿ ಬಿಳಿಚಿಕೊಂಡಿತು. ನನ್ನ ಹೆಗಲ ಮೇಲಿನ ಟ್ರಂಕು ಗಡಗಡ ಸದ್ದು ಮಾಡತೊಡಗಿತು. ಒಳಗಿನ ಪಾತ್ರೆಗಳು ನನ್ನ ಮೊಣಕಾಲಿನ ತಾಳಕ್ಕೆ ಕುಣಿಯುತ್ತಿದ್ದವು. ಆತ ಮತ್ತೆ ಕೇಳಿದ.

ಮೇಲಿನಿಂದ ಮೆಟ್ಟಿಲ ಕಂಬಿಯ ಮೇಲೆ ಬಾಗಿ ಮದಾಮಾ ಆ ಊರಿನ ಭಾಷೆಯಲ್ಲಿ ಕೂಗಿದಳು: “ನನ್ನ ತಂಗಿ ಮೊಮ್ಮಗಳು, ಕರ್ನಲ್. ನಮ್ಮ ಕಡೆಯೋಳೇ, ಕೂನಿಯೊ ಊರಿನೋಳು. ಗಂಡ ಹೆಂಡ್ತಿ ಇಬ್ರಿಗೂ ಮಾತು ಕಮ್ಮಿ.”

ಕರ್ನಲ್ ಅಲ್ಲಾಡಲಿಲ್ಲ. ನಾವು ಹತ್ತಿದೆವು. ಅವನ ಕಣ್ಣು ನನ್ನ ಬೆನ್ನಿಗೆ ಅಂಟಿಕೊಂಡಿದ್ದು ಮೂರನೆಯ ಮಹಡಿಯವರೆಗೂ ಉರಿಯಿತು. ಕೆಳಗೆ ಬಾಗಿಲು ಮುಚ್ಚಿದ ಸದ್ದು ಎಷ್ಟು ಹೊತ್ತಾದರೂ ಕೇಳಲಿಲ್ಲ. ನಾಲ್ಕನೆಯದರಲ್ಲಿ ಮದಾಮಾ ನಮ್ಮನ್ನು ಒಳಕ್ಕೆ ಎಳೆದುಕೊಂಡು ಚಿಲಕ ಹಾಕಿದಳು.

ಮಗು ಇನ್ನೂ ಅಳುತ್ತಲೇ ಇತ್ತು. ಮುದುಕಿ ಅದನ್ನು ಎತ್ತಿಕೊಂಡು, ಬೆರಳು ತೊಳೆದು, ಬೋಳು ವಸಡಿನ ಮೇಲೆ ಮೆಲ್ಲಗೆ ಆಡಿಸಿ ನೋಡಿದಳು.

“ಇದಕ್ಕೆ ಹಸಿವು,” ಎಂದಳು. “ಕೂತ್ಕೋಮ್ಮಾ. ಒಲೆ ಹತ್ರ ಕೂತ್ಕೊಂಡು ಹಾಲು ಕೊಡು.”