ವಿರೋಧಿಗಳು ಬೇಕಾಗಿದ್ದಾರೆ

ನಮ್ಮ ಬೀದಿಯಲ್ಲಿ ಅಣ್ಣನಿಗೆ ಒಬ್ಬನೇ ಒಬ್ಬ ವಿರೋಧಿಯೂ ಇರಲಿಲ್ಲ ಎಂಬ ಸಂಗತಿ ನನಗೆ ಗೊತ್ತಾದದ್ದು ಸಿನಿಮಾದವರು ಬಂದ ಮೇಲೆ. ಹಾಗಾದರೆ ಅಣ್ಣ ಚುನಾವಣೆಗೆ ನಿಂತಾಗ ನನ್ನ ಇಸ್ತ್ರಿ ಅಂಗಡಿಯ ಬಾಗಿಲಿಗೆ ಡಾಂಬರು ಬಳಿದವರು ಯಾರೋ, ಬಹುಶಃ ಬೇರೆ ಗ್ರಹದಿಂದ ಬಂದಿದ್ದರು.

ಅಣ್ಣ ನಗರಸಭೆಯ ಸದಸ್ಯನಾಗಿದ್ದ. ಅದೇನು ದೊಡ್ಡ ವಿಷಯವಲ್ಲ, ಬಹಳ ಜನ ಆಗಿದ್ದಾರೆ. ಆದರೆ ವೇದಿಕೆ ಹತ್ತಿ ಮೈಕು ಹಿಡಿದು, "ನಾನು ಗಂಡಸು, ನಾನು ಪ್ರೀತಿಸೋದೂ ಗಂಡಸನ್ನೇ. ಇದು ಗೊತ್ತಿದ್ದೇ ಓಟು ಹಾಕಿ, ಆಮೇಲೆ ಹೇಳ್ಲೇ ಇಲ್ಲ ಅನ್ಬೇಡಿ" ಎಂದು ಗೆದ್ದವರಲ್ಲಿ ಅವನೇ ಮೊದಲಿಗ. ಗೆದ್ದ ಮೇಲೆ ತನ್ನಂಥವರನ್ನು ಕೆಲಸದಿಂದ, ಬಾಡಿಗೆ ಮನೆಯಿಂದ ಓಡಿಸದಂತೆ ನಿಯಮ ಮಾಡಿಸಿದ. ಬೀದಿಯ ಚರಂಡಿಯನ್ನೂ ಸರಿ ಮಾಡಿಸಿದ. ಆಮೇಲೆ ಹೃದಯ ಕೈಕೊಟ್ಟು ಹೋಗಿಬಿಟ್ಟ. ಸತ್ತ ಮೇಲೆ ಎಲ್ಲರಿಗೂ ಅವನ ಮೇಲೆ ಪ್ರೀತಿ ಉಕ್ಕಿತು. ಉಕ್ಕಿ ಉಕ್ಕಿ ಸಿನಿಮಾ ತೆಗೆಯುವ ಮಟ್ಟಕ್ಕೆ ಬಂತು.

ಅವನು ಪ್ರೀತಿಸಿದ ಆ ಗಂಡಸನ್ನು ನಾನು ಭಾವ ಎಂದು ಕರೆಯುತ್ತೇನೆ. "ಅಣ್ಣನ ಕಡೆಯಿಂದ ಬಂದವರು ಭಾವ ಹೆಂಗಾಗ್ತಾರೆ?" ಎಂದು ಅಮ್ಮ ಒಮ್ಮೆ ತಕರಾರು ತೆಗೆದಿದ್ದಳು. "ಮತ್ತೇನು, ಅತ್ತಿಗೆ ಅನ್ಲಾ?" ಎಂದೆ. ಅಮ್ಮ ಭಾವನ ಪೊದೆಮೀಸೆಯನ್ನು ಒಮ್ಮೆ ನೋಡಿ, "ಭಾವ ಅಂತಾನೇ ಅನ್ನು" ಎಂದಳು.

ಹಲ್ಲು ಕಟ್ಟುವುದು ಭಾವನ ಕಸುಬು. ಬೀದಿಯ ಹಿರಿಯರಲ್ಲಿ ಅರ್ಧ ಜನ ಅಗಿಯುವುದು ಅವರು ಕಟ್ಟಿಕೊಟ್ಟ ಹಲ್ಲಿನಿಂದ. ಅಣ್ಣನನ್ನು ಬೈದದ್ದೂ ಅದೇ ಹಲ್ಲಿನಿಂದ. ಬೈದವರಿಗೂ ಭಾವ ಹಲ್ಲು ಗಟ್ಟಿಯಾಗಿಯೇ ಕೂರಿಸಿದರು. ನಾನಾಗಿದ್ದರೆ ಒಂದೆರಡು ಸಡಿಲ ಬಿಡುತ್ತಿದ್ದೆ.

ಇಂಥ ಭಾವನೇ ಸಿನಿಮಾದಲ್ಲಿ ಇಲ್ಲ! ಸಿನಿಮಾದ ಅಣ್ಣ ಹೋರಾಡುತ್ತಾನೆ, ಭಾಷಣ ಮಾಡುತ್ತಾನೆ, ಆಮೇಲೆ ಮನೆಗೆ ಬಂದು ಕಿಟಕಿ ಪಕ್ಕ ಒಬ್ಬನೇ ನಿಂತು ಕಾಫಿ ಕುಡಿಯುತ್ತಾನೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. ಮೊದಲೇ ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಸೀದಾ ಹೋಗಿ ನಿರ್ದೇಶಕರನ್ನು ಹಿಡಿದೆ.

"ನಿರ್ಮಾಪಕರು ಹೇಳಿದ್ದಾರೆ ಮೇಡಂ. ಹೋರಾಟ ಇರ್ಲಿ, ಸಂಸಾರ ಬೇಡ, ಜನ ಒಪ್ಪಲ್ಲ ಅಂತ" ಎಂದರು.

"ಆ ಕಾಫಿ ಮಾಡಿದ್ದು ಯಾರು?"

"ಅಂದ್ರೆ?"

"ನಮ್ಮಣ್ಣನಿಗೆ ನೀರು ಕಾಯಿಸೋಕೂ ಬರ್ತಿರ್ಲಿಲ್ಲ. ಲೋಟ ತಾನಾಗೇ ನಡ್ಕೊಂಡು ಕಿಟಕಿ ಹತ್ರ ಬಂತಾ?"

ನಿರ್ದೇಶಕರು ತಲೆ ಕೆರೆದುಕೊಂಡು ಕ್ಯಾಮೆರಾದ ಹಿಂದೆ ಹೋದರು. ಭಾವ ನನ್ನ ತೋಳು ಹಿಡಿದು, "ಬಿಡಮ್ಮ. ಭಾಷಣದ ಸೀನಲ್ಲಿ ಗುಂಪಿನ ಮಧ್ಯೆ ಎಲ್ಲಾದ್ರೂ ನಿಂತ್ಕೋತೀನಿ, ಸಾಕು. ಆವತ್ತು ನಾನು ಹೋಗಿರ್ಲಿಲ್ವಲ್ಲ" ಎಂದರು.

ಆವತ್ತು ಅವರನ್ನು ಬರಬೇಡ ಎಂದದ್ದು ಅಣ್ಣನೇ. ಅವನು ಪ್ರತಿ ಭಾಷಣವನ್ನೂ ಮೊದಲು ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ನಿಂತು ಮಾಡುತ್ತಿದ್ದ. ಭಾವ ಕೆಳಗೆ ಕೂತು, ಯಾರದೋ ಹಲ್ಲಿನ ಸೆಟ್ಟು ಉಜ್ಜುತ್ತಾ, ಗುಂಪಿನಲ್ಲಿ ಯಾರು ಏನೇನು ಬೈಯಬಹುದೋ ಅಷ್ಟನ್ನೂ ಬೈಯುತ್ತಿದ್ದರು. ಮನೆಯಲ್ಲೇ ಕೇಳಿಸಿಕೊಂಡರೆ ಬೀದಿಯಲ್ಲಿ ನಾಲಿಗೆ ತಡವರಿಸುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಒಮ್ಮೆ ಪಕ್ಕದ ಮನೆಯವರು ಜಗಳ ಬಿಡಿಸಲು ಓಡಿ ಬಂದು, ಸ್ಟೂಲಿನ ಮೇಲಿದ್ದ ಅಣ್ಣನನ್ನು ಕಂಡು ಇನ್ನಷ್ಟು ಗಾಬರಿಯಾಗಿದ್ದರು.

ಕೊನೆಗೆ ಭಾವ ಕೇಳುತ್ತಿದ್ದದ್ದು ಯಾವಾಗಲೂ ಒಂದೇ. "ನಿನಗೆ ಮನೇಲಿ ಯಾರಯ್ಯಾ ಇದ್ದಾರೆ?"

ಅಣ್ಣ ಸ್ಟೂಲಿನ ಮೇಲಿಂದಲೇ ಬೆರಳು ತೋರಿಸುತ್ತಿದ್ದ. "ಇಗೋ, ಇವನಿದ್ದಾನೆ. ಬಾಯಿ ಜೋರು, ಆದ್ರೆ ಊಟಕ್ಕೆ ಕಾಯ್ತಾನೆ."

ಈ ಉತ್ತರವನ್ನು ಬೀದಿಯಲ್ಲಿ ಹೇಳಬೇಕೆಂದು ಅವನಿಗೆ ತುಂಬ ಆಸೆಯಿತ್ತು. ಆದರೆ ಭಾಷಣದ ದಿನ, ಗುಂಪಿನಲ್ಲಿ ನಿನ್ನ ಮುಖ ಕಂಡರೆ ನನಗೆ ನಗು ಬರುತ್ತದೆ ಎಂದು ಭಾವನನ್ನು ಮನೆಯಲ್ಲೇ ಬಿಟ್ಟುಹೋದ. ಸಂಜೆ ಮುಖ ಊದಿಸಿಕೊಂಡು ಬಂದ. "ಎಲ್ಲಾ ಬೈದ್ರು ಕಣೋ, ಅದೊಂದನ್ನ ಮಾತ್ರ ಯಾರೂ ಕೇಳ್ಲೇ ಇಲ್ಲ. ಕೇಳದೇ ಹೇಳಿದ್ರೆ ಜಂಬ ಅಂತಾರೆ." ಮುಂದೆಯೂ ಯಾರೂ ಕೇಳಲಿಲ್ಲ.

ಇದನ್ನೆಲ್ಲ ನಾನು ಸಿನಿಮಾದ ಹೀರೋಗೆ ಹೇಳಿದ್ದೆ. ಅಣ್ಣನ ಮುಂದಿನ ಹಲ್ಲು ಸೊಟ್ಟಗಿತ್ತಲ್ಲ, ಅಂಥದ್ದೇ ಬೇಕೆಂದು ಹುಡುಗ ಭಾವನ ಹತ್ತಿರ ಬಂದಿದ್ದ. ಅವರು ನೆನಪಿನಿಂದಲೇ ಮಾಡಿಕೊಟ್ಟರು. ಹಲ್ಲು ಕೂರಿಸುವಾಗ ಅವನು ಬಾಯಿ ತೆರೆದುಕೊಂಡಿದ್ದನಾದ್ದರಿಂದ ನನ್ನ ಮಾತಿಗೆ ಅಡ್ಡಿಯಾಗಲಿಲ್ಲ.

ಭಾಷಣದ ಸೀನಿನ ದಿನ ಬಾಡಿಗೆ ಜನರನ್ನು ತುಂಬಿಕೊಂಡು ಹೊರಟ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ರಸ್ತೆ ಮುಚ್ಚಲು ಅನುಮತಿ ಇದ್ದದ್ದು ಮಧ್ಯಾಹ್ನದವರೆಗೆ. ಬೀದಿಯವರೇ ಗುಂಪಾಗಿ ನಿಲ್ಲಲಿ ಎಂದು ನಿರ್ದೇಶಕರು ನಡುವೆ ಸುಣ್ಣದ ಗೆರೆ ಎಳೆಸಿದರು. ಬಲಗಡೆ ಬೆಂಬಲಿಗರು, ಎಡಗಡೆ ವಿರೋಧಿಗಳು. ಇಡೀ ಬೀದಿ ಬಲಗಡೆ ಹೋಗಿ ನಿಂತಿತು. ಎಡಗಡೆ ಒಂದು ಸೈಕಲ್ ಉಳಿಯಿತು.

"ಯಾರಾದ್ರೂ ಈ ಕಡೆ ಬನ್ನಿ, ಸ್ವಲ್ಪ ಬೈಬೇಕು ಅಷ್ಟೇ" ಎಂದು ನಿರ್ದೇಶಕರು ಮೈಕಿನಲ್ಲಿ ಅಂಗಲಾಚಿದರು.

"ನೀವು ಹೋಗಿ" ಎಂದೆ ಚಪ್ಪಲಿ ಅಂಗಡಿಯವರಿಗೆ. "ನಿಮಗೆ ಅಭ್ಯಾಸ ಇದೆ."

"ನಾನಾ? ನಾನು ನಿಮ್ಮಣ್ಣನ ಬಲಗೈ ಆಗಿದ್ದೆ ಕಣಮ್ಮ!"

"ಬಲಗೈಯಲ್ಲೇ ಟೊಮೇಟೊ ಎಸೆದ್ರಿ. ಆ ಅಂಗಿಯ ಕಲೆ ತೆಗೆದವಳು ನಾನು."

ಅವರು ಆಕಾಶ ನೋಡಿದರು. ಅಷ್ಟರಲ್ಲಿ ಭಾವ, ನಾನು ಇಸ್ತ್ರಿ ಮಾಡಿಕೊಟ್ಟ ಬಿಳಿ ಅಂಗಿಯಲ್ಲಿ, ಗೆರೆ ದಾಟಿ ಎಡಗಡೆಗೆ ನಡೆದರು.

"ಭಾವ! ಹೋಗಿ ಹೋಗಿ ಅಲ್ಲಿ ನಿಲ್ತೀರಾ? ಸಿನಿಮಾದಲ್ಲಿ ಬರೋದೇ ಇಷ್ಟು, ಅದೂ ಶತ್ರು ಆಗಿ?"

"ನನಗಿಂತ ಚೆನ್ನಾಗಿ ಅವನನ್ನ ಬೈಯೋರು ಈ ಬೀದೀಲಿ ಯಾರಿದ್ದಾರಮ್ಮ?"

ಕ್ಯಾಮೆರಾ ತಿರುಗಿತು. ಹೀರೋ ಭಾಷಣ ಶುರುಮಾಡಿದ. ಪಾಠ ಒಪ್ಪಿಸುವವನ ಹಾಗಿತ್ತು. ಭಾವ ಕೈ ಎತ್ತಿ, "ಏಯ್! ಇಳಿಯಯ್ಯಾ ಕೆಳಗೆ! ಅದೇನು ಭಾಷಣವೋ, ಜ್ವರ ಬಂದು ನರಳೋದೋ?" ಎಂದು ಗುಡುಗಿದರು. ಹುಡುಗ ಬೆಚ್ಚಿಬಿದ್ದ. ಭಾವ ಬಿಡಲಿಲ್ಲ. ಅಡುಗೆಮನೆಯ ಸರಕನ್ನೆಲ್ಲ ಎಗ್ಗಿಲ್ಲದೆ ಹೊರಗೆಳೆದರು. ಹುಡುಗನ ಕಿವಿ ಕೆಂಪಾಯಿತು, ಬೆನ್ನು ನೆಟ್ಟಗಾಯಿತು, ದನಿ ಏರಿತು. ಅವನು ಸೊಟ್ಟ ಹಲ್ಲು ಕಾಣುವಂತೆ ತಿರುಗಿ ಉತ್ತರ ಕೊಡತೊಡಗಿದ. ಅಣ್ಣನೇ ಅಲ್ಲಿ ನಿಂತಂತಿತ್ತು.

ಹಳೆಯ ಬೈಗುಳ ಕಿವಿಗೆ ಬಿದ್ದದ್ದೇ ತಡ, ಬಲಗಡೆಯವರಿಗೂ ತಡೆದುಕೊಳ್ಳಲಾಗಲಿಲ್ಲ. ಒಬ್ಬೊಬ್ಬರಾಗಿ ಗೆರೆ ದಾಟಿದರು. ಎಲ್ಲರಿಗಿಂತ ಮುಂದೆ ಚಪ್ಪಲಿ ಅಂಗಡಿಯವರು. ಅವರು ಕೂಗಿದ ಜೋರಿಗೆ ಮೇಲಿನ ಹಲ್ಲಿನ ಸೆಟ್ಟು ಹಾರಿ ಭಾವನ ಕೈಗೇ ಬಿತ್ತು. ಭಾವ ಅದನ್ನು ಅಂಗಿಗೆ ಒರೆಸಿ, ಅವರ ಬಾಯಿಗೆ ಒತ್ತಿ ಕೂರಿಸಿ, ಮತ್ತೆ ವೇದಿಕೆಯತ್ತ ತಿರುಗಿದರು. ಈ ಸಲ ಕೂಗಲಿಲ್ಲ.

"ನಿನಗೆ ಮನೇಲಿ ಯಾರಯ್ಯಾ ಇದ್ದಾರೆ?"

ಇದು ಚಿತ್ರಕಥೆಯಲ್ಲಿ ಇರಲಿಲ್ಲ. ಹುಡುಗ ನಿರ್ದೇಶಕರನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಭಾವನತ್ತ ಬೆರಳು ಚಾಚಿದ.

"ಇಗೋ, ಇವನಿದ್ದಾನೆ. ಬಾಯಿ ಜೋರು, ಆದ್ರೆ ಊಟಕ್ಕೆ ಕಾಯ್ತಾನೆ."

ಭಾವ ಬಿಳಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ಇಸ್ತ್ರಿ ಹಾಳಾಯಿತು, ಆಗಲಿ. ನಾನೂ ಗಳಗಳ ಅತ್ತೆ. "ಕಟ್! ಇನ್ನೊಂದು ಸಲ, ಬರೆದ ಹಾಗೆ!" ಎಂದು ನಿರ್ದೇಶಕರು ಓಡಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತೆಂದು ಪೊಲೀಸರು ರಸ್ತೆ ತೆರೆದರು, ಮೊದಲ ಲಾರಿ ಸುಣ್ಣದ ಗೆರೆಯ ಮೇಲೆ ಹಾದುಹೋಯಿತು. ಬೇರೆ ಟೇಕ್ ಇಲ್ಲ. ನಿರ್ಮಾಪಕರು ಎಷ್ಟು ಹಾರಾಡಿದರೂ ಇದ್ದದ್ದು ಅದೊಂದೇ.

ಸಿನಿಮಾ ಬಿಡುಗಡೆಯಾದಾಗ ಭಾವನೂ ನಾನೂ ಅಕ್ಕಪಕ್ಕ ಕೂತು ನೋಡಿದೆವು. ಭಾಷಣದ ಸೀನಿಗೆ ಜನ ಚಪ್ಪಾಳೆ ತಟ್ಟಿದರು. ಅದು ಮುಗಿದ ಮೇಲೆ ಆ ದರಿದ್ರ ಕಿಟಕಿ ಬಂತು. ಅಣ್ಣ ಒಬ್ಬನೇ ನಿಂತು ಕಾಫಿ ಕುಡಿಯುತ್ತಿದ್ದ.

ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು ಗಂಡನನ್ನು ಕೇಳಿದಳು. "ಅಲ್ರೀ, ಆ ಬಾಯಿ ಜೋರಿನವನು ಕಾಫಿ ಮಾಡ್ಕೊಟ್ಟು ಎಲ್ಲಿ ಹೋದ?"

ಭಾವ ಕುರ್ಚಿಯಲ್ಲಿ ಹಿಂದಕ್ಕೆ ತಿರುಗಿ, "ಇಲ್ಲೇ ಇದ್ದೀನಮ್ಮ" ಎಂದರು.