ಬದುಕಿದ್ದವರ ಶೋಕಭಾಷಣ

ದೊಡ್ಡ ಕೆಲಸಕ್ಕೆ ಯಾವಾಗಲೂ ಎರಡು ಭಾಷಣ ಬರೆಯಬೇಕು. ಸೇತುವೆಯಾಗಲಿ, ಅಣೆಕಟ್ಟಾಗಲಿ, ಮುಗಿದ ದಿನ ಓದಲು ಒಂದು. ನಡುವೆ ಕುಸಿದರೆ, ಮಣ್ಣಡಿ ಹೋದವರಿಗಾಗಿ ಓದಲು ಇನ್ನೊಂದು. ಸಾವು ಬಂದ ಮೇಲೆ ಬರೆಯಲು ಕೂತರೆ ಕೈ ನಡುಗುತ್ತದೆ. ಕೈ ಗಟ್ಟಿಯಿರುವಾಗಲೇ ಬರೆದಿಡಬೇಕು. ಅಪ್ಪ ಈ ಕಸುಬನ್ನು ಮಗಳಿಗೆ ಕಲಿಸುವಾಗ ಮೊದಲು ಹೇಳಿದ ಮಾತು ಇದು. ಎರಡನೆಯದು, ಶೋಕಭಾಷಣವನ್ನು ಗಟ್ಟಿಯಾಗಿ ಓದಬಾರದು. ಅಸ್ತು ದೇವತೆಗಳು ತಲೆಯ ಮೇಲೆಯೇ ಓಡಾಡುತ್ತಿರುತ್ತಾರೆ. ಯಾವ ಮಾತಿಗೆ ‘ಅಸ್ತು’ ಎಂದುಬಿಡುತ್ತಾರೋ ಬಲ್ಲವರಾರು? ಕೆಲಸ ಸುಸೂತ್ರವಾಗಿ ಮುಗಿದ ಸಂಜೆ ಅದನ್ನು ದೇವರ ದೀಪಕ್ಕೆ ಹಿಡಿದು ಸುಟ್ಟು, ಕೈಮುಗಿದು ಏಳಬೇಕು.

ಮಗಳು ಹಾಗೆಯೇ ನಡೆದುಕೊಂಡು ಬಂದಿದ್ದಳು. ಬೆಟ್ಟ ಕೊರೆದು ಆಚೆಗೆ ದಾರಿ ಮಾಡುವ ಕಂಪನಿಯಲ್ಲಿ ಅಧ್ಯಕ್ಷರಿಗೆ ಭಾಷಣ ಬರೆಯುವುದು ಅವಳ ಕೆಲಸ. ಕೆಲಸಗಾರರೆಲ್ಲ ಅವಳನ್ನು ‘ಬರೆಯೋ ಅಕ್ಕ’ ಎನ್ನುತ್ತಿದ್ದರು. ಅವಳ ಒಬ್ಬನೇ ತಮ್ಮ ಅದೇ ಬೆಟ್ಟದ ಎಡ ಸುರಂಗದಲ್ಲಿ ಕಲ್ಲು ಕೊರೆಯುವ ತಂಡದ ಮೇಸ್ತ್ರಿ.

ಅಪ್ಪ ಹಳೆಯ ಭಾಷಣಗಳನ್ನು ಕಥೆಯ ಹಾಗೆ ಹೇಳುತ್ತಿದ್ದ. ಯುದ್ಧ ಮುಗಿದ ಬಯಲಿನಲ್ಲಿ, ಸತ್ತವರ ಗೋರಿಗಳ ಮುಂದೆ ಒಬ್ಬ ಪಂಡಿತ ಎರಡು ಗಂಟೆ ಮಾತಾಡಿದನಂತೆ. ಅವನ ಹಿಂದೆಯೇ ಎದ್ದವನು ಎರಡೇ ನಿಮಿಷದಲ್ಲಿ ಮುಗಿಸಿ ಕೂತನಂತೆ. ಲೋಕ ನೆನಪಿಟ್ಟಿದ್ದು ಎರಡನೆಯವನನ್ನು. “ಯಾಕೆ ಹೇಳು ಮಗಾ? ಸತ್ತೋರ ಮುಂದೆ ಉದ್ದಕ್ಕೆ ಮಾತಾಡೋನು ತನ್ನ ಬಗ್ಗೇನೇ ಮಾತಾಡ್ತಿರ್ತಾನೆ.” ಮೊದಲ ಸಾಲು ಮದುವೆಗೂ ಆಗಬೇಕು, ಮಸಣಕ್ಕೂ ಆಗಬೇಕು ಎನ್ನುವುದೂ ಅವನದೇ ಪಾಠ. ಹಾಗಾಗಿ ಅವಳು ಬರೆದ ಎರಡೂ ಭಾಷಣಗಳು ಒಂದೇ ಸಾಲಿನಿಂದ ಶುರುವಾಗುತ್ತಿದ್ದವು: “ಈ ಬೆಟ್ಟದ ಮುಂದೆ ನಾವೆಲ್ಲ ತಲೆಬಾಗಿ ನಿಂತಿದ್ದೇವೆ.”

ಈ ಸಲ ಅಧ್ಯಕ್ಷರು ಸಂತೋಷದ ಭಾಷಣವನ್ನು ಹೋಟೆಲಿನ ಬಿಲ್ಲಿನಂತೆ ಮೇಲೆ ಕೆಳಗೆ ನೋಡಿ ಪಕ್ಕಕ್ಕಿಟ್ಟರು. ಇನ್ನೊಂದನ್ನು ಕೈಗೆತ್ತಿಕೊಂಡು, ಕನ್ನಡಕ ಒರೆಸಿ, ಮೂಗಿನ ಮೇಲೆ ಸರಿಯಾಗಿ ಕೂರಿಸಿಕೊಂಡರು.

“‘ಕಲ್ಲು ಕುಸಿದು’ ಅಂತ ಬರೆದಿದ್ದೀಯಲ್ಲಮ್ಮಾ. ಕಲ್ಲು ಬೇಡ. ನೀರು ಅಂತ ಮಾಡು.”

“ನೀರಾ ಸರ್?”

“ಹೂಂ, ನೀರು ನುಗ್ಗಿ. ಆಮೇಲೆ, ಬರೀ ಸುರಂಗ ಅಂದ್ರೆ ಯಾವುದು? ಎಡ ಸುರಂಗ ಅಂತ ಹಾಕು. ಗುರುತು ಹೇಳಿದ್ರೇನೇ ಜನಕ್ಕೆ ಕಣ್ಣಲ್ಲಿ ನೀರು ಬರೋದು ಅಂತ ನೀನೇ ಹೇಳ್ತೀಯಲ್ಲ?”

ಅವಳು ತಿದ್ದಿದಳು. ಪೆನ್ನು ಹಾಳೆಯ ಮೇಲೆ ಒಮ್ಮೆ ತಡವರಿಸಿತು.

“ಇನ್ನೊಂದು ಸಾಲು ಸೇರಿಸು. ‘ಇದನ್ನು ಯಾರೂ ಊಹಿಸಿರಲಿಲ್ಲ.’ ಅದಾದ ಮೇಲೆ ಸ್ವಲ್ಪ ನಿಲ್ಲಬೇಕು ಅಲ್ವಾ? ಎಷ್ಟು ನಿಲ್ಲಲಿ?”

“ಒಂದು ಉಸಿರು ಎಳೆದು ಬಿಡೋವಷ್ಟು, ಸರ್.”

ಅಧ್ಯಕ್ಷರು ಎದ್ದು, ಕೋಟು ನೇತುಹಾಕುವ ಗೂಟದ ಪಕ್ಕದ ಕನ್ನಡಿಯ ಮುಂದೆ ನಿಂತು ಸಾಲನ್ನು ಗಟ್ಟಿಯಾಗಿ ಹೇಳಿದರು. ಉಸಿರು ಎಳೆದರು, ಬಿಟ್ಟರು. ಗದ್ದ ಸಣ್ಣಗೆ ಅದುರಿತು. ಕನ್ನಡಿಯಲ್ಲೇ ಅವಳ ಕಡೆ ನೋಡಿ, “ಹೇಗಿತ್ತು?” ಎಂದರು. ಅವಳು ಚೆನ್ನಾಗಿತ್ತು ಎಂದಳು. ನಿಜವಾಗಿಯೂ ಚೆನ್ನಾಗಿತ್ತು.

ಅಂದಿನಿಂದ ಮಧ್ಯಾಹ್ನಗಳಲ್ಲಿ ಆ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ಹೊರಗೆ ಸ್ಟೂಲಿನ ಮೇಲೆ ಕೂತಿರುತ್ತಿದ್ದ ಜವಾನ ಒಂದು ದಿನ ಎದ್ದು ಬಂದು, ಅವಳ ಕಿವಿಯ ಹತ್ತಿರ ಬಗ್ಗಿ, “ಅಕ್ಕಾ, ಸಾಹೇಬ್ರ ಮನೇಲಿ ಯಾರಾದ್ರೂ ಹೋಗ್ಬಿಟ್ರಾ? ದಿನಾ ಬಾಗ್ಲು ಹಾಕ್ಕೊಂಡು ಅಳ್ತಾರೆ” ಎಂದ. ಮೆಟ್ಟಿಲಿಳಿಯುತ್ತಿದ್ದವಳು ಕಂಬಿ ಹಿಡಿದು ನಿಂತುಬಿಟ್ಟಳು. ಊಹಿಸದವನು ‘ಯಾರೂ ಊಹಿಸಿರಲಿಲ್ಲ’ ಎಂದು ಮೊದಲೇ ಬರೆಸಿ ಇಟ್ಟುಕೊಳ್ಳುತ್ತಾನೆಯೇ?

ಮನೆಯಲ್ಲಿ ತಮ್ಮನಿಗೆ ಬಡಿಸುತ್ತ ಎಲ್ಲವನ್ನೂ ಹೇಳಿದಳು. ಅವನು ತುತ್ತು ನುಂಗಿ ನಕ್ಕ.

“ಅಂತೂ ನನ್ನ ಸಾವಿಗೆ ನೀನೇ ಭಾಷಣ ಬರೆದೆ ಅನ್ನು. ನನ್ನ ಬಗ್ಗೆ ಏನಾದ್ರೂ ಒಳ್ಳೇದು ಬರೆದಿದ್ದೀಯೋ, ಇಲ್ಲಾ ಅಲ್ಲೂ ಬೈದಿದ್ದೀಯೋ?”

“ಬಿಡ್ತು ಅನ್ನು! ನಗೋ ಮಾತಲ್ಲ ಇದು. ಒಳಗೆ ನೀರು ಕಾಣ್ತಿದೆಯಾ?”

ಅವನ ನಗು ಇಳಿಯಿತು. “ಗೋಡೆ ಒದ್ದೆ ಇದೆ ಅಕ್ಕಾ. ಮೇಲಿನವರನ್ನ ಕೇಳಿದ್ರೆ, ಬೆಟ್ಟ ಬೆವರುತ್ತೆ ಕಣ್ರಯ್ಯಾ, ನೀವು ಬೆವರಲ್ವಾ ಅಂತಾರೆ.”

“ಹಾಗಾದ್ರೆ ನಾಳೆಯಿಂದ ಹೋಗ್ಬೇಡ.”

“ನಾನೊಬ್ಬ ಉಳಿದ್ರೆ ಆಯ್ತಾ? ನನ್ನ ತಂಡದವರು ಹೋಗ್ತಾರಲ್ಲ. ಬಲ ಸುರಂಗದವರಿಗಿಂತ ಮೊದಲು ಆಚೆ ಬೆಳಕು ಕಂಡೋರ ಹೆಸರು ಕಲ್ಲಲ್ಲಿ ಕೆತ್ತಿಸ್ತಾರಂತೆ. ಎಲ್ರಿಗೂ ಅದರದ್ದೇ ಹುಚ್ಚು. ನಾನು ಹೇಳಿದ್ರೆ, ಮೇಸ್ತ್ರಿಗೆ ಅಕ್ಕನ ಸೆರಗು ನೆನಪಾಯ್ತು ಅಂತ ಆಡ್ಕೊಳ್ತಾರೆ. ಸಾಹೇಬ್ರ ಬಾಯಿಂದ ಬಂದ್ರೆ ಮಾತ್ರ ನಂಬೋದು.” ತಟ್ಟೆಯಲ್ಲಿ ಬೆರಳಾಡಿಸುತ್ತ ಸೇರಿಸಿದ, “ಅವರ ಬಾಯಿಂದ ಬರೋದೂ ನಿನ್ನ ಮಾತೇ ತಾನೇ.”

ಅವಳು ನೀರಿನ ಲೋಟ ಅವನ ಕಡೆ ಸರಿಸಿದಳು.

ಸುರಂಗಗಳ ಬಾಯಿಯ ಮುಂದೆ, ಪಾಳಿ ಬದಲಾಗುವ ಬೆಳಗಿನ ಹೊತ್ತು, ಕೆಲಸಗಾರರನ್ನು ಸಾಲಾಗಿ ನಿಲ್ಲಿಸಿದ್ದರು. ಎಡ ಸುರಂಗದೊಳಗೆ ಹಿಂದಿನ ಪಾಳಿಯವರು ಇನ್ನೂ ಇದ್ದರು. ಕೊನೆಯ ಬಂಡೆಗೆ ಹೊರಟವರನ್ನು ಹುರಿದುಂಬಿಸಲು ಅಧ್ಯಕ್ಷರು ಹೊಸ ಬೂಟು ತೊಟ್ಟು ಬಂದಿದ್ದರು. ಮೈಕಿನ ಮುಂದೆ ನಿಂತು, ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚಿದರು. ಮೈಕಿನ ಮುಂದೆ ಅವಳು ಕೈಗಿಟ್ಟ ಹಾಳೆ ಯಾವುದೆಂದು ಅವರು ಎಂದೂ ನೋಡಿಕೊಂಡವರಲ್ಲ. ಅವಳ ಕೈಯಲ್ಲಿ ಎರಡು ಹಾಳೆಗಳಿದ್ದವು, ಹುರುಪಿನದೊಂದು, ಶೋಕದ್ದೊಂದು. ಅವಳ ತಮ್ಮ ಮೊದಲ ಸಾಲಿನಲ್ಲಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದ. ಅವಳು ನಾಲಿಗೆ ಕಚ್ಚಿಕೊಂಡು, ಓದಬಾರದ ಹಾಳೆಯನ್ನು ಆ ಕೈಯಲ್ಲಿಟ್ಟಳು.

“ಈ ಬೆಟ್ಟದ ಮುಂದೆ ನಾವೆಲ್ಲ ತಲೆಬಾಗಿ ನಿಂತಿದ್ದೇವೆ” ಎಂದರು ಅಧ್ಯಕ್ಷರು. ಜನ ತಲೆಯಾಡಿಸಿದರು. “ನಿನ್ನೆಯವರೆಗೆ ನಮ್ಮ ಜೊತೆ ಉಂಡವರು ಇಂದು ಇಲ್ಲ. ಎಡ ಸುರಂಗಕ್ಕೆ ನೀರು ನುಗ್ಗಿ ಅವರನ್ನು ಕೊಂಡೊಯ್ದಿತು.” ಕಣ್ಣು ಹಾಳೆಯ ಮೇಲೆ ಗಕ್ಕನೆ ನಿಂತಿತು. ಆದರೆ ಬಾಯಿ ನಿಲ್ಲಲಿಲ್ಲ. ಅಷ್ಟು ದಿನ ಪಳಗಿಸಿದ ಬಾಯಿ ಅದು. “ಇದನ್ನು ಯಾರೂ ಊಹಿಸಿರಲಿಲ್ಲ.” ಕನ್ನಡಿಯ ಮುಂದೆ ಅದುರಿದ ಹಾಗೆಯೇ ಗದ್ದ ಅದುರಿತು. ಆಮೇಲೆ, ಉಸಿರು ಎಳೆದು ಬಿಡುವಷ್ಟು ಮೌನ.

ಆ ಮೌನದಲ್ಲಿ ಎಡ ಸುರಂಗದ ಒಳಗಿನಿಂದ ಒಂದು ಸದ್ದು ಕೇಳಿಸಿತು. ಹನಿಯುವ ಸದ್ದಲ್ಲ. ಮುಚ್ಚಿದ ಬಾಗಿಲ ಹಿಂದೆ ಯಾರೋ ಒಂದೇ ಸಮ ಪಿಸುಗುಟ್ಟಿದ ಹಾಗಿತ್ತು.

“ಹಾಳೆ ಅದಲು ಬದಲಾಗಿದೆ” ಎಂದರು ಅಧ್ಯಕ್ಷರು, ಹಾಳೆಯನ್ನು ಕೆಳಗೆಸೆದು. “ಇದು... ಸುಮ್ಮನೆ, ಮುಂಜಾಗ್ರತೆಗೆ ಬರೆದದ್ದು.”

ಸಾಲಿನ ಕೊನೆಯಿಂದ ಒಬ್ಬ ಮುದುಕ ಕೇಳಿದ, “ಬರೆದದ್ದು ಸರಿ ಬಿಡಿ ಸಾಹೇಬ್ರೆ. ಅಳೋದನ್ನ ಯಾವಾಗ ಕಲಿತ್ರಿ?”

ಅವಳ ತಮ್ಮ ಹೆಲ್ಮೆಟ್ಟು ತೆಗೆದು ನೆಲದ ಮೇಲಿಟ್ಟು, ಯಾರನ್ನೂ ಕೇಳದೆ ಹೋಗಿ ಸೈರನ್ನಿನ ಹಿಡಿ ಎಳೆದ. ಒಳಗಿನ ಪಾಳಿಯವರು ಒಬ್ಬೊಬ್ಬರಾಗಿ ಹೊರಬಂದರು. ಅವರ ಬೂಟುಗಳಿಂದ ನೀರು ಚೆಲ್ಲುತ್ತಿತ್ತು. ಮೊಣಕಾಲಿನವರೆಗೂ ಕೆಸರು.

“ನಾಳೆಯಿಂದ ನೀನು ಬರೋದು ಬೇಡ” ಎಂದರು ಅಧ್ಯಕ್ಷರು, ಅವಳ ಮುಖ ನೋಡದೆ. ಅವಳು ಬಗ್ಗಿ ಹಾಳೆ ಎತ್ತಿಕೊಂಡಳು.

ಸಂಜೆ ದೀಪ ಹಚ್ಚಿ, ವಾಡಿಕೆಯಂತೆ ಶೋಕಭಾಷಣವನ್ನು ಕುಡಿಗೆ ಹಿಡಿದಳು. ತಮ್ಮ ಉಳಿದಿದ್ದ. ಇನ್ನು ಇದರ ಕೆಲಸವೇನು? ಅಂಚು ಕಂದಾಗಿ ಸುರುಟಿತು.

ಹೊಸ್ತಿಲಲ್ಲಿ ಕೂತು ಕಾಲು ತೊಳೆಯುತ್ತಿದ್ದ ತಮ್ಮ ಹೇಳಿದ, “ಬೇರೆ ಕಡೆಯಿಂದ ಆಳು ತರಿಸ್ತಾರಂತೆ ಅಕ್ಕಾ. ಬೆಳಗ್ಗೆ ಲಾರಿ ಬರುತ್ತೆ.”

“ಅವರಿಗೆ ಗೊತ್ತಾ?”

“ಯಾರು ಹೇಳ್ತಾರೆ?”

ಅವಳು ಹಾಳೆಯನ್ನು ಹಿಂದಕ್ಕೆಳೆದು, ಹತ್ತಿದ ಅಂಚನ್ನು ಬೆರಳಿನಿಂದಲೇ ಹಿಸುಕಿ ಆರಿಸಿದಳು. ಬೆಳಗ್ಗೆ ಬಂದಿಳಿಯುವವರಿಗೆ ಲಾರಿಯ ಸದ್ದಿನ ಮೇಲೆ ಕೇಳಿಸಬೇಕಾದರೆ ಸಾಲುಗಳು ಇನ್ನೂ ಚಿಕ್ಕವಾಗಬೇಕು. ಪೆನ್ನು ತೆಗೆದುಕೊಂಡು ಕೂತಳು. ಹೊಡೆದು ಹಾಕಿ, ತಿದ್ದಿ, ಹುಟ್ಟಿದಂದಿನಿಂದ ಮಾಡದ ಕೆಲಸ ಮಾಡಿದಳು: ಆ ಮನೆಯಲ್ಲಿ, ದೇವರ ಎದುರಿಗೆ, ಅದನ್ನು ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ ಕೈಮುಗಿದಳು.

“ತಂದೇ, ಇದು ಅವರಿಗೆ ಕೇಳಿಸಲಿ. ನಿನಗೆ ಮಾತ್ರ ಕೇಳಿಸದೆ ಇರಲಿ.”

ಗಾಳಿಯಿರಲಿಲ್ಲ. ಆದರೂ ದೀಪದ ಕುಡಿ ಬೆಟ್ಟವಿದ್ದ ದಿಕ್ಕಿಗೆ ಒಮ್ಮೆ ಬಾಗಿ ನಿಂತಿತು.