ಹದಿನೇಳನೇ ನಂಬರಿನ ಎಣಿಕೆ

ಹನ್ನೊಂದು ವರ್ಷದಲ್ಲಿ ಸಾರಿಗೆ ಕಚೇರಿಗೆ ಮೂವತ್ತು ಮನವಿ ಕೊಟ್ಟು ಮೂವತ್ತಕ್ಕೂ ‘ಪರಿಶೀಲಿಸಲಾಗುವುದು’ ಎಂಬ ಒಂದೇ ಉತ್ತರ ಪಡೆದಿದ್ದ ಲೆಕ್ಕದ ಮೇಷ್ಟ್ರಿಗೆ, ಮೂವತ್ತೊಂದನೆಯದು ಮೂರೇ ವಾರದಲ್ಲಿ ಮಂಜೂರಾದಾಗ ಅನುಮಾನ ಬರಬೇಕಿತ್ತು. ಬರಲಿಲ್ಲ. ಸಂತೋಷ ಬಂತು.

ಊರಲ್ಲಿ ಅವರಿಗೆ ‘ಬಸ್ ಮೇಷ್ಟ್ರು’ ಎಂದೇ ಹೆಸರು. ಪ್ರಯಾಣಿಕರ ವೇದಿಕೆಗೆ ಅಧ್ಯಕ್ಷರೂ ಅವರೇ, ಕಾರ್ಯದರ್ಶಿಯೂ ಅವರೇ, ಸಭೆ ಕರೆದರೆ ಸಭಿಕರೂ ಬಹುಪಾಲು ಅವರೇ. ವಾದ ಸರಳ: ಕಾರಿಲ್ಲದವರಿಗೂ ರಸ್ತೆಯಲ್ಲಿ ಪಾಲಿದೆ. ಆದರೆ ಜನ ಕಾಯುವ ಕಡೆ ಬಸ್ಸಿಲ್ಲ, ಜನವಿಲ್ಲದ ಕಡೆ ಬಸ್ಸು ಸುಮ್ಮನೆ ಹೊಗೆ ಬಿಟ್ಟುಕೊಂಡು ಓಡುತ್ತಿದೆ. ಖಾಲಿ ಬಸ್ಸನ್ನು ಇತ್ತ ತಿರುಗಿಸಿದರೆ ಗಾಳಿಗೂ ಒಳ್ಳೆಯದು, ಬಡವರಿಗೂ ಒಳ್ಳೆಯದು. ಈ ಸಲ ಬರೀ ಮಾತಲ್ಲ, ಅಂಕಿಗಳನ್ನೇ ಇಟ್ಟಿದ್ದರು. ಹದಿನೇಳನೇ ನಂಬರಿನ ಬೆಳಗಿನ ಬಸ್ಸು, ಎಂಟು ದಿನ. ಪ್ರಯಾಣಿಕರು: ಸೊನ್ನೆ, ಒಂದು, ಸೊನ್ನೆ, ಸೊನ್ನೆ, ಎರಡು, ಹೀಗೆ. ಕೆಳಗೆ ಅವರ ಸಹಿ.

ಎಣಿಸಿದ್ದು ಕೊನೆಯ ನಿಲ್ದಾಣದಲ್ಲಿ. ಅಲ್ಲಿ ಚಹಾ ಅಂಗಡಿಯಿತ್ತು, ಅಂಗಡಿಗೆ ನೆರಳಿತ್ತು, ನೆರಳಲ್ಲಿ ಬೆನ್ನೊರಗಿಸುವ ಕುರ್ಚಿಯಿತ್ತು. ಅದಕ್ಕೂ ಹಿಂದಿನ ನಿಲ್ದಾಣ ದೊಡ್ಡಾಸ್ಪತ್ರೆಯ ಹಿಂಬಾಗಿಲು. ಅಲ್ಲಿ ಒಂದು ಕಂಬ ಬಿಟ್ಟರೆ ಏನೂ ಇರಲಿಲ್ಲ. ಹೆಚ್ಚಿನ ದಿನ ಬಸ್ಸಿನಲ್ಲಿದ್ದವರೆಲ್ಲ ಆ ಕಂಬದ ಬಳಿ ಇಳಿದು ಹೋಗಿ, ಡ್ರೈವರು ಕಂಡಕ್ಟರು ಇಬ್ಬರೇ ಉಳಿದ ಎರಡು ನಿಮಿಷದ ದಾರಿ ಬಂದು ಮೇಷ್ಟ್ರ ಮುಂದೆ ನಿಲ್ಲುತ್ತಿದ್ದರು. ‘ಉತ್ತರ ಬಂತು ಅಂತ ಕುಣೀಬೇಡಿ, ಪ್ರಶ್ನೆ ಸರಿಯಾಗಿ ಓದಿದ್ರಾ ನೋಡ್ಕೊಳ್ಳಿ’ ಎಂದು ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದ ಮನುಷ್ಯ, ಕಾಲ ಮೇಲೆ ಕಾಲು ಹಾಕಿಕೊಂಡು ಸೊನ್ನೆ ಬರೆಯುತ್ತ ಹೋದರು.

ಮನವಿ ಮಂಜೂರಾಗಿ ಆ ಬಸ್ಸು ನಿಂತು ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಮೇಷ್ಟ್ರ ಅಕ್ಕ ಮನೆಗೆ ಬಂದಳು. ಅದೇ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕಡೆ ಅವಳ ಕೆಲಸ. ಮೇಷ್ಟ್ರ ಹೆಂಡತಿ ಅವಳ ಪಾದ ನೋಡಿ ಬೆಚ್ಚಿದಳು.

“ಇದೇನತ್ತಿಗೆ, ಹಿಂಗೆ ಊದ್ಕೊಂಡಿದೆ?”

“ಹದಿನೇಳು ನಿಂತೋಯ್ತಲ್ಲಮ್ಮ. ಇಪ್ಪತ್ತಾರು ಜನ ನಡ್ಕೊಂಡೇ ಹೋಗ್ತೀವಿ, ಮುಕ್ಕಾಲು ಗಂಟೆ. ಯಾರೋ ಖಾಲಿ ಓಡತ್ತೆ ಅಂತ ಬರೆದುಕೊಟ್ರಂತೆ.”

ಬರೆದುಕೊಟ್ಟವರು ಯಾರೆಂದು ಅವಳಿಗೆ ಗೊತ್ತಿತ್ತು. ಮನವಿ ಗೆದ್ದ ಸುದ್ದಿಯ ಜೊತೆ ಪತ್ರಿಕೆಯಲ್ಲಿ ಬಂದ ತಮ್ಮನ ಫೋಟೋ ಕತ್ತರಿಸಿಟ್ಟುಕೊಂಡಿದ್ದವಳು ಅವಳೇ. ಆದರೂ ‘ಯಾರೋ’ ಅಂದಳು. ಬೈದಿದ್ದರೆ ಮೇಷ್ಟ್ರು ವಾದ ಮಾಡುತ್ತಿದ್ದರು. ಅದರಲ್ಲಿ ಅವರದು ಪಳಗಿದ ಕೈ. ಅಕ್ಕ ಕೆಲಸಕ್ಕೆ ಹೇಗೆ ಹೋಗುತ್ತಾಳೆಂದು ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ತಾನು ಕೇಳಿಲ್ಲ ಎಂಬುದು ಅವರಿಗೆ ಆಗ ಹೊಳೆಯಿತು. ಕನ್ನಡಕ ಒರೆಸುವ ನೆಪದಲ್ಲಿ ಎದ್ದು ಒಳಗೆ ಹೋದರು.

ಮುಂದಿನ ವಾರ ಸಾರಿಗೆ ಕಚೇರಿಯಲ್ಲಿ ಸಾರ್ವಜನಿಕರ ಅಹವಾಲು ಸಭೆಯಿತ್ತು. ಮೇಷ್ಟ್ರು ಪತ್ರ ಬರೆದರು, ಹರಿದರು, ಮತ್ತೆ ಬರೆದರು. ಕೊನೆಗೆ ನಿಂತದ್ದು ಇದು: ‘ಎಣಿಕೆಯಲ್ಲಿ ಸಣ್ಣ ದೋಷವೊಂದು ನುಸುಳಿರುವುದು ಕಂಡುಬಂದಿದೆ.’ ದೋಷವು ಬೆಕ್ಕಿನ ಹಾಗೆ ಕಿಟಕಿಯಿಂದ ತಾನೇ ಬಂದು ಕೂತಂತಿತ್ತು. ಮೇಷ್ಟ್ರಿಗೆ ಕೊಂಚ ಸಮಾಧಾನವಾಯಿತು.

ಸಭೆಗೆ ಆಸ್ಪತ್ರೆಯ ಹೆಂಗಸರು ಏಳೆಂಟು ಜನ ರಜೆ ಹಾಕಿ ಬಂದಿದ್ದರು. ಅವರ ನಡುವೆ ಅಕ್ಕ. ತಮ್ಮನ ಕಡೆ ನೋಡಲಿಲ್ಲ.

“ಬನ್ನಿ ಮೇಷ್ಟ್ರೇ, ನಿಮ್ಮಂಥವರು ನಾಲ್ಕು ಜನ ಇದ್ರೆ ನಮಗೆ ಕೆಲಸವೇ ಇರಲ್ಲ,” ಎಂದರು ಅಧಿಕಾರಿ.

ಮೇಷ್ಟ್ರು ಪತ್ರ ಓದಿದರು. ಮುಗಿದ ಕೂಡಲೇ ಗಟ್ಟಿ ಗಂಟಲಿನ ಹೆಂಗಸೊಬ್ಬಳು ಎದ್ದಳು. ಬಟ್ಟೆ ಒಗೆಯುವವರಲ್ಲಿ ಅವಳೇ ಮುಂದಾಳು.

“ನುಸುಳಿದ್ದು ಯಾರು ಸಾರ್?”

ಸಭೆ ನಕ್ಕಿತು. ಮೇಷ್ಟ್ರು ಪತ್ರವನ್ನು ನಾಲ್ಕು ಮಡಿಕೆ ಮಾಡಿದರು.

“ನಾನು. ಎಣಿಸಿದ್ದು ನಾನೇ.”

“ನೀವಾ! ಎಲ್ಲಿ ನಿಂತ್ಕೊಂಡು ಎಣಿಸಿದ್ರಿ?”

ಆಸ್ಪತ್ರೆಯ ಹತ್ತಿರ ಎಂದುಬಿಡಬಹುದಿತ್ತು. ಆಮೇಲೆ ಏನಾದರೂ ಪೋಣಿಸಬಹುದಿತ್ತು. “ಕೊನೇ ಸ್ಟಾಪಲ್ಲಿ,” ಎಂದರು. “ನಿಂತಿರ್ಲಿಲ್ಲ. ಕೂತಿದ್ದೆ. ಅಲ್ಲಿ ಕುರ್ಚಿ ಇತ್ತು.”

ಈ ಸಲ ಯಾರೂ ನಗಲಿಲ್ಲ.

ಅಧಿಕಾರಿ ಕಡತ ತಿರುವಿದರು. “ನಿಮ್ಮ ಸಹಿ ನಂಬ್ಕೊಂಡು ಆ ಬಸ್ಸನ್ನ ಹೊಸ ಬಡಾವಣೆಗೆ ಹಾಕಿಬಿಟ್ವಿ ಮೇಷ್ಟ್ರೇ. ಈಗ ಕಿತ್ಕೊಂಡ್ರೆ ಅವರೂ ನಿಮ್ಮ ಥರಾನೇ ಮನವಿ ತರ್ತಾರೆ. ತಪ್ಪು ಅಂತ ಬರೆದುಕೊಡಿ, ನಿಮ್ಮ ಹೆಸರಲ್ಲೇ. ಮತ್ತೆ ಎಣಿಕೆ ಆಗ್ಲಿ. ಆಮೇಲೆ ನೋಡೋಣ.”

ಮೇಷ್ಟ್ರು ಅಲ್ಲೇ ಮೇಜಿಗೆ ಬಗ್ಗಿ ‘ನಾನು ತಪ್ಪಾಗಿ ಎಣಿಸಿದೆ’ ಎಂದು ಬರೆದು ಸಹಿ ಹಾಕಿದರು. ಅಕ್ಷರ ಮಾತ್ರ ಎಂದಿನಂತೆ ಮುತ್ತಿನ ಹಾಗಿತ್ತು.

ಹೊರಗೆ ಮೆಟ್ಟಿಲ ಮೇಲೆ ಮುಂದಾಳು ಹೆಂಗಸು, ಮೇಷ್ಟ್ರಿಗೆ ಕೇಳಲೆಂದೇ, ಅಕ್ಕನಿಗೆ ಹೇಳಿದಳು: “ಅಲ್ಲಕ್ಕಾ, ಈ ಮನುಷ್ಯಂಗೆ ಹೇಳೋರು ಕೇಳೋರು ಯಾರೂ ಇಲ್ವಾ?”

“ಇದ್ದೀನಿ,” ಎಂದಳು ಅಕ್ಕ. “ನನ್ನ ತಮ್ಮ.”

ಎರಡು ತಿಂಗಳು ದಾರಿಯುದ್ದಕ್ಕೂ ಈ ಹೆಂಗಸರು ಆ ‘ಯಾರೋ’ಗೆ ಹಿಡಿಶಾಪ ಹಾಕುವಾಗ ಅಕ್ಕ ಹೂಂಗುಟ್ಟುತ್ತ ಜೊತೆಗೆ ನಡೆದಿದ್ದಳು. ಈಗ ಅವರ ಕಣ್ಣು ಮೇಷ್ಟ್ರನ್ನು ಬಿಟ್ಟು ಅವಳ ಮೇಲೆ ಹೋಯಿತು. ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು, ಅವಳನ್ನು ಕರೆಯದೆ. ಮೇಷ್ಟ್ರು ಒಂದು ಮೆಟ್ಟಿಲಿಳಿದು ಅಕ್ಕನ ಪಕ್ಕ ಬಂದು ನಿಂತರು.

“ನಾಳೆ ಬೆಳಗ್ಗೆ ಬರ್ತೀನಕ್ಕ,” ಎಂದರು. “ಮೊದಲಿಂದ ನಿಮ್ಮ ಜೊತೇಲೇ ನಡೆದು ಎಣಿಸ್ತೀನಿ.”

ಅಕ್ಕ ದೂರ ಹೋಗುತ್ತಿದ್ದ ಗುಂಪನ್ನೇ ನೋಡುತ್ತಿದ್ದಳು.

“ಬಾ. ಆದ್ರೆ ಜೊತೇಲಿ ಬೇಡ, ಸ್ವಲ್ಪ ಹಿಂದೆ ಇರು,” ಎಂದಳು. “ಮೊದಲು ನಾನು ಅವರ ಹತ್ರ ಮಾತಾಡ್ಬೇಕು.”